ಬ್ಯಾಟರಿ ಬದಲಿಸಿದೆವು, ಏಜೆಂಟ್‌ಗೆ ಹೇಳಲೇ ಇಲ್ಲ

ಕೊಡಗಿನ ಒಂದು ರೋಬಸ್ಟಾ ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ 40 ನೋಡ್ ಹಾಕಿದ್ದೆವು. ನೋಡ್ ಅಂದ್ರೆ ಸೆಲ್, ರೇಡಿಯೋ ಇರುವ ಪುಟ್ಟ ಡಬ್ಬಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು. ಯಾವ ಬ್ಲಾಕ್‌ಗೆ ಮೊದಲು ನೀರು ಅಂತ ತಿಳಿಯುವುದಕ್ಕೆ ಇದು.

ದಿನಾ ಡಬ್ಬಿ ಡಬ್ಬಿ ತೆಗೆದು ನೋಡೋಕೆ ಯಾರಿಗೆ ಪುರುಸೊತ್ತು? ಹಾಗಾಗಿ ಪ್ರತಿ ನೋಡ್‌ನೊಳಗೂ ಒಂದು ಪುಟ್ಟ ಸಾಫ್ಟ್‌ವೇರ್ ಏಜೆಂಟ್ ಕೂರಿಸಿದ್ದೆವು. ಈಗ ಏಜೆಂಟ್ ಅಂದ್ರೆ ಎಲ್ಲರಿಗೂ ಚಾಟ್‌ಬಾಟ್ ನೆನಪಾಗುತ್ತೆ. ಇದು ಅದಲ್ಲ, ಸುತ್ತಲಿನದನ್ನು ನೋಡಿ ತಾನೇ ತೀರ್ಮಾನ ಮಾಡುವ ಪುಟ್ಟ ಪ್ರೋಗ್ರಾಂ. ಹಳೆಯ ಕಸುಬು. 2005ರಲ್ಲೇ ಅಮೆರಿಕದಲ್ಲಿ ಅಜಿಲ್ಲಾ ಅನ್ನೋ ವ್ಯವಸ್ಥೆ, ಬರೀ 4 ಕೆಬಿ ರ್‍ಯಾಮ್ ಇರುವ ಮೈಕಾ2 ನೋಡ್‌ಗಳಲ್ಲಿ ಏಜೆಂಟ್‌ಗಳನ್ನು ಓಡಿಸಿತ್ತು.

ನಮ್ಮ ಏಜೆಂಟ್‌ಗಳ ಕೆಲಸ ಸರಳ. ಅಕ್ಕಪಕ್ಕದವರ ವೋಲ್ಟೇಜ್ ಕೇಳಿಕೊಂಡು, ಯಾರದು ಜಾಸ್ತಿಯೋ ಅವರನ್ನು ಮೇಸ್ತ್ರಿ ಮಾಡಿಕೊಳ್ಳುವುದು. ಉಳಿದವರು ನಿದ್ದೆ ಮಾಡುತ್ತಾರೆ. ಮೇಸ್ತ್ರಿ ಮಾತ್ರ ರೇಡಿಯೋ ತೆರೆದಿಟ್ಟು ಎಲ್ಲರ ಲೆಕ್ಕವನ್ನು ಗೇಟ್‌ವೇಗೆ, ಅಂದ್ರೆ ಅದನ್ನು ನಮ್ಮ ಪರದೆಗೆ ಕಳಿಸುವ ಪೆಟ್ಟಿಗೆಗೆ, ದಾಟಿಸಬೇಕು. ಮೇಸ್ತ್ರಿಯ ವೋಲ್ಟೇಜ್ ಇಳಿದರೆ ಇನ್ನೊಬ್ಬರ ಸರದಿ. ಮೊದಲ ವರ್ಷ ಚೆನ್ನಾಗಿಯೇ ನಡೆಯಿತು.

ಎರಡನೇ ವರ್ಷ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಫೋನ್ ಮಾಡಿದರು. “ಸಾರ್, ಕೆಳಗಿನ ಬ್ಲಾಕಿಂದ ನಿನ್ನೆಯಿಂದ ಏನೂ ಬರ್ತಿಲ್ಲ.”

ಆನೆ ಕಿತ್ತು ಹಾಕಿರಬೇಕು ಅಂದೆ. ಹಿಂದಿನ ದಿನದವರೆಗೆ ಆ ಬ್ಲಾಕಿಂದ ಬಂದ ವೋಲ್ಟೇಜ್ ಪರದೆ ಮೇಲೆ ಹಸಿರಾಗೇ ಇತ್ತಲ್ಲ! ಎರಡು ದಿನ ಅದೇ ನಂಬಿಕೆಯಲ್ಲಿ ಕಳೆದೆ. ಆಮೇಲೆ ಹೋಗಿ ನೋಡಿದರೆ ಡಬ್ಬಿಗಳು ಸಿಲ್ವರ್ ಓಕ್ ಮರಗಳಲ್ಲಿ ಇದ್ದ ಹಾಗೇ ಇವೆ. ಮೂರು ನೋಡ್ ಪೂರ್ತಿ ಸತ್ತಿದ್ದವು. ಮೂರೂ ಒಂದಾದ ಮೇಲೊಂದು ಮೇಸ್ತ್ರಿ ಆಗಿದ್ದಂಥವೇ.

ತಪ್ಪು ನನ್ನದೇ. ಪದೇಪದೇ ಸೆಲ್ ಹಾಕೋದು ಬೇಡ ಅಂತ ಆ ವರ್ಷ ಆಲ್ಕಲೈನ್ ಬಿಟ್ಟು ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ ಹಾಕಿಸಿದ್ದೆ. ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ 1.5ರಿಂದ ಮೆಲ್ಲಗೆ ಇಳಿಯುತ್ತೆ, ಅಳೆದರೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತೆ. ಈ ಸೆಲ್ ಹಾಗಲ್ಲ. ಕೊನೆಯವರೆಗೂ ಹೆಚ್ಚುಕಮ್ಮಿ 3.6 ವೋಲ್ಟ್ ತೋರಿಸಿ, ಆಮೇಲೆ ಒಮ್ಮೆಲೇ ಕುಸಿಯುತ್ತೆ. ಏಜೆಂಟ್ ಪಾಲಿಗೆ ಮೇಸ್ತ್ರಿ ದಣಿಯುವುದೇ ಇಲ್ಲ, ಇನ್ನು ಬದಲಿಸೋದು ಯಾಕೆ?

ಲೆಕ್ಕ ಹಾಕಿದರೆ ಎದೆ ಧಸಕ್ಕೆಂದಿತು. ರೇಡಿಯೋ ಸುಮ್ನೆ ಕಿವಿಗೊಟ್ಟು ಕೂತರೂ ಸುಮಾರು 20 ಮಿಲಿಆಂಪ್ ಎಳೆಯುತ್ತೆ. ಎಎ ಅಳತೆಯ ಸೆಲ್‌ನಲ್ಲಿ ಇರುವುದು 2400 ಮಿಲಿಆಂಪ್ ಗಂಟೆ. ಅಂದರೆ 120 ಗಂಟೆ, ಐದೇ ದಿನ! ಅದೇ ರೇಡಿಯೋ ನೂರಕ್ಕೆ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ ಒಂದು ವರ್ಷ ದಾಟುತ್ತೆ.

ಈಗ ಏಜೆಂಟ್ ವೋಲ್ಟೇಜ್ ನೋಡುವುದಿಲ್ಲ. ರೇಡಿಯೋ ಎಷ್ಟು ಹೊತ್ತು ತೆರೆದಿತ್ತು ಅಂತ ಎಣಿಸಿ ಖರ್ಚು ಕಳೆಯುತ್ತೆ. ಹನ್ನೆರಡು ಗಂಟೆ ಆದ ಮೇಲೆ ಮೇಸ್ತ್ರಿ ಬದಲಾಗಲೇಬೇಕು. ಒಂದೇ ತೊಂದರೆ, ಹೊಸ ಸೆಲ್ ಹಾಕಿದಾಗ ಯಾರಾದರೂ ಬಟನ್ ಒತ್ತಿ ಲೆಕ್ಕ ಸೊನ್ನೆ ಮಾಡಬೇಕು. ಅದನ್ನು ರೈಟರ್ ವಹಿಸಿಕೊಂಡಿದ್ದಾರೆ. ಒತ್ತಿದ ತಾರೀಖನ್ನು ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತಾರೆ.

ಕಳೆದ ಸಲ ಹೋದಾಗ ಒಂದು ಡಬ್ಬಿ ಮೇಲೆ ತಾರೀಖು ಇರಲಿಲ್ಲ. ಯಾಕೆ ಅಂತ ಕೇಳಿದೆ.

“ಅದು ಹೊಸ ಡಬ್ಬಿ ಸಾರ್. ಹಳೇದನ್ನ ನಿಜವಾಗ್ಲೂ ಆನೆ ಕಿತ್ತಾಕ್ತು.”