ಇಪ್ಪತ್ನಾಲ್ಕು ಎಣಿಸಬೇಕಿತ್ತು

2012ರ ಆಗಸ್ಟಿನಲ್ಲಿ ಅಪ್ಪನಿಗೆ ಒಂದು ವರ್ಷದ ಆನ್‌ಸೈಟ್ ಸಿಕ್ಕಿ ನಾವೆಲ್ಲ ಮಂಗಳೂರಿನಿಂದ ನ್ಯೂಜೆರ್ಸಿಗೆ ಹೋದೆವು. ನಾನು ಆಗ ಹತ್ತನೇ ಕ್ಲಾಸು. ಅಲ್ಲಿನ ಹೈಸ್ಕೂಲಿನ ಫಾರಂನಲ್ಲಿ ಯಾವುದಾದರೂ ವಾದ್ಯ ಬರುತ್ತದಾ ಅಂತ ಒಂದು ಸಾಲು ಇತ್ತು. ಅಮ್ಮ ನನ್ನನ್ನು ಕೇಳದೆಯೇ ‘ಸ್ಯಾಕ್ಸೊಫೋನ್’ ಅಂತ ಬರೆದುಬಿಟ್ಟಳು.

ಸುಳ್ಳೇನಲ್ಲ. ನಮ್ಮ ಕಡೆ ಮದುವೆ ದಿಬ್ಬಣವಿರಲಿ, ದೇವಸ್ಥಾನದ ಉತ್ಸವವಿರಲಿ, ಡೋಲಿನ ಜೊತೆ ಸ್ಯಾಕ್ಸೊಫೋನ್ ಇದ್ದೇ ಇರುತ್ತದೆ. ಎಲ್ಲ ಕದ್ರಿ ಗೋಪಾಲನಾಥರ ಪ್ರಭಾವ. ಬಂಟ್ವಾಳ ಕಡೆಯ ಅವರು ಚಿಕ್ಕವರಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ಕೊನೆಗೆ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಅದನ್ನು ಕೇಳಿ ಕೇಳಿ ಅಜ್ಜ ನನ್ನನ್ನೂ ಕ್ಲಾಸಿಗೆ ಸೇರಿಸಿದ್ದರು. ಮೂರು ವರ್ಷ ಕಲಿತಿದ್ದೆ. ಆದರೆ ನನಗೆ ಗೊತ್ತಿದ್ದದ್ದು ಸರಿಗಮ ಮಾತ್ರ. ಐದು ಗೆರೆಯ ಮೇಲೆ ಇರುವೆ ಸಾಲಿನ ಹಾಗೆ ಬರೆಯುತ್ತಾರಲ್ಲ, ಆ ನೊಟೇಶನ್ ನಾನು ಕಣ್ಣಿಂದ ನೋಡಿರಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಬ್ಯಾಂಡ್ ಮೇಷ್ಟ್ರು ‘ಎಲ್ಲರೂ ಬಿ ಫ್ಲಾಟ್ ಕೊಡಿ’ ಅಂದರು. ಅದು ಅವರ ಕಡೆಯ ಒಂದು ಸ್ವರದ ಹೆಸರು. ನಾನು ಚಾರ್ಟ್ ನೋಡಿ ಬೆರಳಿಟ್ಟು ಬಿ ಫ್ಲಾಟನ್ನೇ ಊದಿದೆ. ಪಕ್ಕದವರೆಲ್ಲ ಹಲ್ಲು ನೋವು ಬಂದವರ ಹಾಗೆ ಮುಖ ಮಾಡಿದರು. ವಿಷಯ ಏನೆಂದರೆ, ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಬರೆದ ಸ್ವರ ಒಂದು, ಕೇಳುವ ಸ್ವರ ಇನ್ನೊಂದು. ಅವರು ಬಿ ಫ್ಲಾಟ್ ಅಂದಾಗ ನಾನು ಜಿ ಊದಬೇಕು. ಕ್ಲಾರಿನೆಟ್ಟಿನವರು ಸಿ. ಕೊಳಲಿನವರು ಬಿ ಫ್ಲಾಟನ್ನೇ. ಊರಲ್ಲಿ ಗುರುಗಳು ‘ಸ ಹಿಡಿ’ ಅಂದರೆ ಮುಗಿಯಿತು, ಇಂಥ ತಲೆನೋವೇ ಇರಲಿಲ್ಲ.

ಮೈದಾನದಲ್ಲಿ ನಡೆಯುತ್ತಾ ಊದುವ ಮಾರ್ಚಿಂಗ್ ಬ್ಯಾಂಡ್ ಮಾತ್ರ ನನಗೆ ಹೇಗೋ ದಕ್ಕಿತು. ಅದರಲ್ಲಿ ಹಾಳೆ ನೋಡುವ ಹಾಗಿಲ್ಲ, ಎಲ್ಲ ಬಾಯಿಪಾಠ. ಎರಡು ಸಲ ಕೇಳಿದರೆ ನನಗೆ ಬರುತ್ತಿತ್ತು. ಕಷ್ಟ ಇದ್ದದ್ದು ಕಾಲಿನದು. ಅಮೆರಿಕನ್ ಫುಟ್ಬಾಲ್ ಮೈದಾನದಲ್ಲಿ 5 ಗಜಕ್ಕೊಂದು ಬಿಳಿ ಗೆರೆ, ಗೆರೆಯಿಂದ ಗೆರೆಗೆ ಸರಿಯಾಗಿ 8 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 22.5 ಇಂಚು, ಅದನ್ನು ಕೆಳಗೆ ನೋಡದೆ, ಊದುತ್ತಾ, ಪಕ್ಕದವನ ಭುಜದ ಸಾಲು ತಪ್ಪದೆ ನಡೆಯಬೇಕು, ಅದೂ ಆಗಸ್ಟಿನ ಬಿಸಿಲಲ್ಲಿ. ಮುಂದೆ ಶುಕ್ರವಾರ ರಾತ್ರಿಯ ಮ್ಯಾಚುಗಳಲ್ಲಿ ಬೇರೆ ಕಥೆ. ಚಳಿ ಹೆಚ್ಚಾದಂತೆ ವಾದ್ಯಗಳ ಶ್ರುತಿ ಇಳಿಯುತ್ತದೆ, ಬೆರಳು ಮರಗಟ್ಟುತ್ತದೆ. ನಮ್ಮ ಟೀಮು ಗೆದ್ದದ್ದು ಎಷ್ಟು, ಸೋತದ್ದು ಎಷ್ಟು ಅಂತ ಕೇಳಬೇಡಿ. ಆ ಆಟ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೋರಸ್ಸಿಗೆ ನಾನಾಗಿ ಹೋದದ್ದಲ್ಲ. ಅಲ್ಲಿ ಹುಡುಗರ ಬರಗಾಲ. ಗಂಟಲು ಒಡೆದಿರುವ ಯಾವ ಹುಡುಗ ಸಿಕ್ಕಿದರೂ ಕೋರಸ್ ಮೇಡಂ ಹಿಡಿದು ತರುತ್ತಿದ್ದರು. ನನ್ನನ್ನು ಟೆನರ್, ಅಂದರೆ ಗಂಡು ದನಿಯಲ್ಲಿ ಮೇಲಿನ ಶ್ರುತಿಯವರ, ಸಾಲಿನಲ್ಲಿ ನಿಲ್ಲಿಸಿದರು. ಆವರೆಗೆ ಆ ಶಾಲೆಯಲ್ಲಿ ನಾನು ಬಾಯಿ ಬಿಟ್ಟರೆ ಯಾರಾದರೊಬ್ಬರು ‘ಏನಂದೆ?’ ಅಂತ ಕೇಳುತ್ತಿದ್ದರು. ವಿ ಮತ್ತು ಡಬ್ಲ್ಯೂ ನನ್ನ ಬಾಯಲ್ಲಿ ಒಂದೇ ಆಗಿ ಕೇಳುತ್ತಿತ್ತಂತೆ. ಸುಮ್ನೆ ಇರುವುದೇ ಒಳ್ಳೆಯದು ಅಂತ ಸುಮ್ನಿರುತ್ತಿದ್ದೆ.

ಹಾಡಿಸಿದ್ದು ಒಂದು ಹಳೆಯ ಲ್ಯಾಟಿನ್ ಹಾಡು. ‘ದೋನಾ ನೋಬಿಸ್ ಪಾಚೆಮ್’, ನಮಗೆ ಶಾಂತಿ ಕೊಡು ಅಂತ. ಇಡೀ ಹಾಡಿಗೆ ಮೂರೇ ಪದ. ಆದರೆ ಅಮೆರಿಕದ ಹುಡುಗರ ಬಾಯಲ್ಲಿ ‘ದೋ’ ಅನ್ನುವುದು ‘ಡೋವ್’ ಅಂತ ಕೊನೆಗೆ ತಿರುಚಿಕೊಳ್ಳುತ್ತಿತ್ತು. ಸ್ವರಾಕ್ಷರ ಬದಲಾಗಬಾರದು, ಶುರುವಾದ ಹಾಗೇ ಮುಗಿಯಬೇಕು ಅಂತ ಮೇಡಂ ವಾರಗಟ್ಟಲೆ ತಿದ್ದಿದರು. ಅ, ಎ, ಇ, ಒ, ಉ. ಐದೇ ಸ್ವರ. ಒಂದು ದಿನ ಬೇಸತ್ತು ಒಬ್ಬೊಬ್ಬರನ್ನೇ ಹಾಡಿಸಿದರು. ನಾನು ದೋಣಿಯ ‘ದೋ’ ಹಾಕಿ ಹಾಡಿದೆ, ಅಷ್ಟೇ. ಮೇಡಂ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ, ‘ಇದು. ಇದೇ ಬೇಕು’ ಅಂದರು. ಒಂದನೇ ಕ್ಲಾಸಿನಲ್ಲಿ ಟೀಚರು ಬೆತ್ತ ಹಿಡಿದು ತಿದ್ದಿಸಿದ ಕಾಗುಣಿತ ನ್ಯೂಜೆರ್ಸಿಯಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು! ಆಮೇಲೆ ಒಂದು ತಿಂಗಳು ಟೆನರ್ ಸಾಲಿನವರು ನನ್ನ ಬಾಯಿ ನೋಡಿಕೊಂಡು ಹಾಡುತ್ತಿದ್ದರು.

ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತ ಬಂತು. ಕರೆಂಟಿಲ್ಲ, ಶಾಲೆಯಿಲ್ಲ, ಪ್ರಾಕ್ಟೀಸೂ ಇಲ್ಲ. ಅದಕ್ಕೇ ಡಿಸೆಂಬರಿನ ಕನ್ಸರ್ಟ್ ಹೊತ್ತಿಗೆ ಎಲ್ಲರಿಗೂ ಗಡಿಬಿಡಿ.

ಆ ರಾತ್ರಿ ಮೊದಲು ಕೋರಸ್, ಆಮೇಲೆ ಬ್ಯಾಂಡ್. ಕೋರಸ್ ಮುಗಿದ ಕೂಡಲೇ ನಾನು ಮೆಟ್ಟಿಲಿಳಿದು ಓಡಿಹೋಗಿ ಸ್ಯಾಕ್ಸೊಫೋನ್ ಕೊರಳಿಗೆ ಹಾಕಿಕೊಂಡು ಕೂತೆ. ಬಾಯಿಗಿಡುವ ತುದಿಯ ತೆಳು ಪಟ್ಟಿ, ಅಂದರೆ ರೀಡ್, ಒಣಗಿತ್ತು. ಒದ್ದೆ ಮಾಡಿಕೊಳ್ಳುವಷ್ಟರಲ್ಲಿ ಮೇಷ್ಟ್ರ ಕೋಲು ಮೇಲೇರಿತು. ಎರಡನೇ ಹಾಡಿನ ನಡುವೆ ನಮ್ಮ ಸಾಲಿಗೆ 24 ಬಾರ್ ಬಿಡುವು. ಬಾರ್ ಅಂದರೆ ಹಾಡಿನ ತಾಳದ ಒಂದೊಂದು ಖಾನೆ. (ಫೋನಿನಲ್ಲಿ ಅಜ್ಜನಿಗೆ ‘ಇಪ್ಪತ್ನಾಲ್ಕು ಬಾರ್ ದಾಟಿ ಬರಬೇಕು’ ಅಂದಾಗ ಅವರು ಗಾಬರಿಯಾಗಿ ಅಮ್ಮನಿಗೆ ಫೋನ್ ಕೊಡು ಅಂದಿದ್ದರು.) ಉಳಿದವರು ಅವರದೇ ರೀತಿಯಲ್ಲಿ ಎಣಿಸುತ್ತಾರೆ. ನನ್ನದು ಎಂಟು ಎಣಿಕೆಯ ಆದಿತಾಳ. ನಾಲ್ಕು ನಾಲ್ಕು ಎಣಿಕೆಯ ಎರಡು ಬಾರ್ ಸೇರಿದರೆ ಒಂದು ಆವರ್ತನ, ಹಾಗಾಗಿ 12 ಆವರ್ತನ. ಶೂ ಒಳಗೆ ಕಾಲ್ಬೆರಳಲ್ಲಿ ಲೆಕ್ಕ. ಪ್ರಾಕ್ಟೀಸಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಹತ್ತನೇ ಆವರ್ತನದಲ್ಲಿ ಮೂರನೇ ಸಾಲಿನಿಂದ ಒಂದು ಬೆಳಕು ಕಣ್ಣಿಗೆ ಹೊಡೆಯಿತು. ನೋಡಿದರೆ ಅಮ್ಮ. ರೇಷ್ಮೆ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು, ಕೈಯಲ್ಲಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದಾಳೆ. ಆ ಒಂದು ಕ್ಷಣದಲ್ಲಿ ಅರ್ಧ ಆವರ್ತನ ಎಲ್ಲೋ ಜಾರಿತು. ಹಾಲ್ ಪೂರ್ತಿ ಮೌನ, ಕೊಳಲುಗಳು ಮೆಲ್ಲಗೆ ಇಳಿಯುತ್ತಿವೆ, ಅಷ್ಟರಲ್ಲಿ ನಾನೊಬ್ಬನೇ ದಿಬ್ಬಣ ಹೊರಡಿಸುವವನ ಹಾಗೆ ಜೋರಾಗಿ ನುಗ್ಗಿದೆ. ಒಣ ರೀಡು, ಶುರುವಿಗೊಂದು ಕೀಂಯ್. ಸಾಲದ್ದಕ್ಕೆ ಗಾಬರಿಗೆ ಹಳೇ ಅಭ್ಯಾಸ ಎದ್ದು ಬಂದು, ಯಾವುದನ್ನು ಮೇಷ್ಟ್ರು ನಾಲ್ಕು ತಿಂಗಳಿಂದ ಬೇಡ ಬೇಡ ಅಂದಿದ್ದರೋ ಆ ಗಮಕವೂ ಸ್ವರಕ್ಕೆ ಸೇರಿಕೊಂಡಿತು.

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಎಡಗೈ ಮಾತ್ರ ಅಂಗೈ ಕೆಳಗೆ ಮಾಡಿ ನನ್ನತ್ತ ಚಾಚಿದರು, ಮಗುವನ್ನು ಮಲಗಿಸುವ ಹಾಗೆ. ಮುಂದಿನ ಬಾರ್ ಶುರುವಾದಾಗ ನಮ್ಮ ಸಾಲು ಪೂರ್ತಿ ಸೇರಿಕೊಂಡಿತು. ನನಗೆ ಉಳಿದ ಹಾಡು ನೆನಪಿಲ್ಲ. ಮುಗಿದ ಮೇಲೆ ಪಕ್ಕದ ಹುಡುಗ ಕಿವಿಯಲ್ಲಿ ‘ಸೋಲೊ ಚೆನ್ನಾಗಿತ್ತು’ ಅಂದ.

ಕಾರಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅಮ್ಮ ಹಿಂದೆ ತಿರುಗಿ, ‘ಉಳಿದವರದ್ದೆಲ್ಲ ಒಟ್ಟಿಗೇ ಗೋಜಲು ಮಾರಾಯ. ಯಾರದ್ದು ಯಾವುದು ಅಂತ ಗೊತ್ತಾಗುದಿಲ್ಲ. ನಿನ್ನದೊಂದು ಮಾತ್ರ ಚಂದ ಬೇರೆ ಕೇಳಿಸಿತು’ ಅಂದಳು. ತಮಾಷೆಗಲ್ಲ, ಮನಸಾರೆ. ಅಪ್ಪ ಸ್ಟೀರಿಂಗ್ ಹಿಡಿದುಕೊಂಡು ಕೆಮ್ಮಿದರು.

ಜೂನಿನಲ್ಲಿ ಹನ್ನೆರಡನೆಯವರ ಗ್ರಾಜುಯೇಶನ್ನಿಗೆ ಕೊನೆಯ ಸಲ ಊದಿದ್ದು. ಇಂಗ್ಲೆಂಡಿನ ಸಂಗೀತಗಾರ ಎಲ್ಗರ್ 1901ರಲ್ಲಿ ಬರೆದ ಮಾರ್ಚಿನ ನಡುವಿನ ಭಾಗ, ಅಮೆರಿಕದಲ್ಲಿ ಇಂಥ ಸಮಾರಂಭಕ್ಕೆಲ್ಲ ಅದೇ. ಕೊನೆಯ ಹುಡುಗ ಕುರ್ಚಿಯಲ್ಲಿ ಕೂರುವ ತನಕ ಅದನ್ನೇ ತಿರುಗಾ ಮುರುಗಾ ಊದುತ್ತಿರಬೇಕು. ತುಟಿ ಮರಗಟ್ಟಿತು. ಆದರೆ ಬಿಡುವೂ ಇಲ್ಲ, ಎಣಿಕೆಯೂ ಇಲ್ಲ, ಮೇಷ್ಟ್ರು ಕೈ ತೋರಿಸಿದಾಗ ನಿಲ್ಲಿಸಿದರಾಯಿತು. ಆರಾಮ.

ಬಾಡಿಗೆಯ ಸ್ಯಾಕ್ಸೊಫೋನ್ ಅಂಗಡಿಗೆ ವಾಪಸಾಯಿತು, ನಾವು ಊರಿಗೆ. ಡಿಸೆಂಬರಿನ ಆ ವಿಡಿಯೊ ಈಗಲೂ ಅಮ್ಮನ ಹತ್ತಿರ ಇದೆ. ನೆಂಟರು ಬಂದರೆ ಹೊರಗೆ ಬರುತ್ತದೆ. ಕೋರಸ್ಸನ್ನು ಬೇಗ ಬೇಗ ಓಡಿಸುತ್ತಾಳೆ, ಮೊದಲ ಹಾಡನ್ನೂ ಓಡಿಸುತ್ತಾಳೆ, ಸರಿಯಾಗಿ ಆ ಕೀಂಯ್ ಹತ್ತಿರ ತಂದು ವಾಲ್ಯೂಮ್ ಜಾಸ್ತಿ ಮಾಡಿ, ‘ಹಾಂ, ಇದು ನೋಡಿ. ಇದು ನಮ್ಮವನದ್ದು’ ಅನ್ನುತ್ತಾಳೆ.