ಹಲ್ಮಿಡಿಯ ಕಲ್ಲು ಮತ್ತು ನನ್ನ ಅಡಿಟಿಪ್ಪಣಿ

ಪದವಿಯ ಎರಡನೆಯ ವರ್ಷದಲ್ಲಿ ಕನ್ನಡ ಸಂಘದ ಪ್ರಬಂಧ ಸ್ಪರ್ಧೆಗೆಂದು ನಾನು ಹಲ್ಮಿಡಿ ಶಾಸನವನ್ನು ಕುರಿತು ಬರೆದ ಪ್ರಬಂಧವು ‘ಕ್ರಿ.ಶ. 450ರಲ್ಲಿ ಕೆತ್ತಿಸಲಾದ’ ಎಂಬ ಮಾತಿನಿಂದಲೇ ಆರಂಭವಾಗಿತ್ತು. ನಮ್ಮ ಕನ್ನಡ ಮೇಷ್ಟರು ಆ ಸಂಖ್ಯೆಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಕಲ್ಲಿನ ಮೇಲೆ ಇದು ಎಷ್ಟನೆಯ ಸಾಲಿನಲ್ಲಿದೆಯಪ್ಪಾ?” ಎಂದು ಕೇಳಿದರು. ಶಾಸನದಲ್ಲಿರುವುದು ಹದಿನಾರು ಸಾಲು. ಅವುಗಳಲ್ಲಿ ಒಂದರಲ್ಲೂ ವರ್ಷದ ಉಲ್ಲೇಖವಿಲ್ಲ. ಲಿಪಿಯ ಸ್ವರೂಪವನ್ನೂ ಅಲ್ಲಿ ಬರುವ ಕದಂಬ ದೊರೆ ಕಾಕುಸ್ಥನ ಹೆಸರನ್ನೂ ಆಧರಿಸಿ ವಿದ್ವಾಂಸರು ‘ಸುಮಾರು 450’ ಎಂದು ಊಹಿಸಿದ್ದಾರೆ, ಕೆಲವರು ಅದನ್ನು ಇನ್ನೂ ಈಚೆಗೆ ತರುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ‘ಸುಮಾರು’ ಎಂಬ ಪದವನ್ನು ನಾನು ಓದಿದ ಗೈಡಿನವನು ಬಿಟ್ಟಿದ್ದ, ಅವನನ್ನು ನಂಬಿ ನಾನೂ ಬಿಟ್ಟಿದ್ದೆ.

ಆಧಾರ ಕೊಟ್ಟು ತಿದ್ದಿಕೊಂಡು ಬಾ ಎಂದರು. ನಾನು ಜಾಣತನ ಮಾಡಿ, ಒಂದು ಇತಿಹಾಸ ಪುಸ್ತಕದ ಅಡಿಟಿಪ್ಪಣಿಯಲ್ಲಿದ್ದ ‘ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿ, 1936’ ಎಂಬುದನ್ನು ಪುಟಸಂಖ್ಯೆಯ ಸಮೇತ ನಕಲು ಮಾಡಿ ಒಪ್ಪಿಸಿದೆ. ಅವರು ಓದಿ, “ವರದಿ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ?” ಎಂದರು. ನಾನು ಕನ್ನಡದಲ್ಲಿ ಎಂದೆ. ಎಂ. ಎಚ್. ಕೃಷ್ಣ ಅವರು ಸಿದ್ಧಪಡಿಸಿದ ಆ ವರದಿ ಇಂಗ್ಲಿಷಿನಲ್ಲಿದೆ. ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಅಧ್ಯಾಪಕರಿದ್ದರು. ಅಂದಿನ ನಾಚಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ಮೇಷ್ಟರು ಬೈಯಲಿಲ್ಲ. ಯಾವ ಪುಸ್ತಕವನ್ನು ಕಣ್ಣಾರೆ ನೋಡಿದ್ದೀಯೋ ಅದರ ಹೆಸರನ್ನೇ ಬರೆ, ಅದು ಬೇರೊಂದನ್ನು ಉದ್ಧರಿಸಿದ್ದರೆ ‘ಇಂಥ ಪುಸ್ತಕದಲ್ಲಿ ಉದ್ಧೃತ’ ಎಂದು ಸೇರಿಸು, ಎರವಲು ತಂದದ್ದನ್ನು ಎರವಲು ಎನ್ನಲು ಸಂಕೋಚವೇಕೆ ಎಂದಷ್ಟೇ ಹೇಳಿ, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಚೀಟಿ ಬರೆದುಕೊಟ್ಟರು. ಅಲ್ಲಿ ಎರಡು ಮಧ್ಯಾಹ್ನ ಕುಳಿತು ವರದಿಯನ್ನು ಓದಿದೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೂ ಶಾಸನದ ಮೂಲಪಾಠ ಎಲ್ಲಿ ಮುಗಿಯುತ್ತದೆ, ಸಂಪಾದಕರ ಅಭಿಪ್ರಾಯ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿ.

ಕಾಕುಸ್ಥನನ್ನು ಹುಡುಕುತ್ತ ತಾಳಗುಂದದ ಸ್ತಂಭಶಾಸನಕ್ಕೆ ಹೋದೆ. ಶಾಸನವನ್ನು ಉಲ್ಲೇಖಿಸುವ ಕ್ರಮವೇ ಬೇರೆ: ಪುಟಕ್ಕಿಂತ ಸಂಪುಟ, ತಾಲ್ಲೂಕು ಮತ್ತು ಶಾಸನಸಂಖ್ಯೆ ಮುಖ್ಯ. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕವನ್ನು ನೋಡಿ ‘ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 7, ಶಿಕಾರಿಪುರ 176’ ಎಂದು ಬರೆದಾಗ ನಾನೇ ದೊಡ್ಡ ಸಂಶೋಧಕನಾದಂತೆ ಅನ್ನಿಸಿತ್ತು. ಪ್ರಬಂಧಕ್ಕೆ ಬಹುಮಾನ ಬರಲಿಲ್ಲ. ಆದರೆ ಈ ಬರಹ ಬರುತ್ತಿರುವ ಇದೇ ಪತ್ರಿಕೆಯ ಆ ವರ್ಷದ ಸಂಚಿಕೆಯಲ್ಲಿ ಅಚ್ಚಾಯಿತು.

ಈಗಿನ ವಿದ್ಯಾರ್ಥಿಗಳಿಗೆ ಶಾಸನಸಂಪುಟಗಳು ಫೋನಿನಲ್ಲೇ ಸಿಗುತ್ತವೆ. ಆದರೆ ವಿಕಿಪೀಡಿಯ ಪುಟದ ಕೆಳಗಿನ ಟಿಪ್ಪಣಿಗಳನ್ನು ಎತ್ತಿ ತಮ್ಮ ಪ್ರಬಂಧದ ಕೆಳಗೆ ಇಡುವುದು ನಾನು ಅಂದು ಮಾಡಿದ ಕೆಲಸವೇ. ಕೈಬರಹದ ಶ್ರಮವೂ ಇಲ್ಲ, ಅಷ್ಟೇ ವ್ಯತ್ಯಾಸ. ಹಲ್ಮಿಡಿಯದು ಕನ್ನಡದ ‘ಮೊಟ್ಟಮೊದಲ’ ಶಾಸನ ಎಂದು ಪ್ರಬಂಧದಲ್ಲಿ ಬರೆದಿದ್ದ ನನ್ನ ಮಾತೂ ಈಗ ಪ್ರಶ್ನೆಗೆ ಒಳಗಾಗಿದೆ: ತಾಳಗುಂದದಲ್ಲೇ 2013ರಲ್ಲಿ ದೊರೆತ ಸಿಂಹಕಟಾಂಜನ (ಸಿಂಹದ ಕೆತ್ತನೆಯಿರುವ ಮೆಟ್ಟಿಲ ಕೈಪಿಡಿಗಲ್ಲಿನ) ಶಾಸನವನ್ನು ಕ್ರಿ.ಶ. 370ಕ್ಕೆ ಸೇರಿದ್ದೆಂದು ಹೇಳಲಾಗಿದೆ. ಆ ವರ್ಷದ ಹಿಂದೆಯೂ ಒಂದು ‘ಸುಮಾರು’ ಇದ್ದೇ ಇದೆ.

ಈ ಬರಹಕ್ಕಾಗಿ ಹಳೆಯ ಸಂಚಿಕೆಯನ್ನು ತೆಗೆದು ನೋಡಿದೆ. ಶಿಕಾರಿಪುರ 176 ಎಂದು ಸರಿಯಾಗಿಯೇ ಅಚ್ಚಾಗಿದೆ. ಆದರೆ ಅದು ಈ ಸಂಪುಟಗಳನ್ನು ಮೊದಲು ಸಂಪಾದಿಸಿದ ಬಿ. ಎಲ್. ರೈಸ್ ಅವರ ಹಳೆಯ ಆವೃತ್ತಿ ಎಂದು ನಾನು ಬರೆದಿಲ್ಲ. ನನ್ನ ಟಿಪ್ಪಣಿಯನ್ನು ನಂಬಿ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯ 7ನೆಯ ಸಂಪುಟವನ್ನು ಯಾರಾದರೂ ತೆರೆದಿದ್ದರೆ ಅವರಿಗೆ ಸಿಕ್ಕಿರುವುದು ಮಂಡ್ಯ ಜಿಲ್ಲೆಯ ಶಾಸನಗಳು.