ಗೌಂಡಿ ಕಾಕಾನೊಂದಿಗೆ ಮೊರೇರ ಗುಡ್ಡಕ್ಕೆ

ಗದಗಿನಲ್ಲಿ ಬೆಳೆದ ನನಗೆ ಹಳೆಯ ಕಲ್ಲೆಂದರೆ ಅದರ ಮೇಲೆ ಕೆತ್ತನೆ ಇರಬೇಕು, ಪಕ್ಕದಲ್ಲೊಂದು ಶಾಸನವೂ ಇರಬೇಕು. ನಮ್ಮ ನೆರೆಯ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಅತ್ತಿಮಬ್ಬೆ ಎಂಬುದನ್ನು 1007ರ ಶಾಸನವೇ ಹೇಳುತ್ತದೆ. ಹೀಗಾಗಿ ಕಳೆದ ತಿಂಗಳು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡವೇರಿ, ಒಂದಕ್ಷರವೂ ಇಲ್ಲದ ನೂರಾರು ಕಲ್ಲುಮನೆಗಳ ನಡುವೆ ನಿಂತಾಗ ಏನನ್ನು ನೋಡಬೇಕೆಂಬುದೇ ನನಗೆ ತಿಳಿಯಲಿಲ್ಲ. ನೋಡುವುದನ್ನು ಕಲಿಸಿದವರು ಜೊತೆಗೆ ಬಂದಿದ್ದ ನಮ್ಮ ಕಾಕಾ. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು.

ಕ್ರಿಸ್ತಪೂರ್ವದ ಕಬ್ಬಿಣ ಯುಗದ ಜನರು ಸತ್ತವರಿಗಾಗಿ ನಿಲ್ಲಿಸಿದ ಈ ಶಿಲಾ ಸಮಾಧಿಗಳನ್ನು ಸುತ್ತಲಿನ ಊರಿನವರು ಮೊರೇರ ಮನೆಗಳೆನ್ನುತ್ತಾರೆ; ಮೊರೇರೆಂದರೆ ಗಿಡ್ಡ ಜನ, ಅವರಿಗೆ ಇಷ್ಟೇ ಮನೆ ಸಾಕಾಗುತ್ತಿತ್ತಂತೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರವನ್ನೂ ಮೀರಿದವು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕಾಕಾ ಆ ಕಿಂಡಿಯ ಅಂಚಿನ ಸುತ್ತ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರು. ಆಮೇಲೆ ಮೂಲೆಯ ಸಂದಿಗೆ ಕಣ್ಣಿಟ್ಟು, "ಗಾರಿ ಇಲ್ಲ, ಏನಿಲ್ಲ. ಗ್ವಾಡಿಕಲ್ಲು ಒಂದರ ಹೆಗಲಿಗೆ ಒಂದು ಕೊಟ್ಟು ನಿಂತಾವ ನೋಡು ತಮ್ಮಾ. ಮ್ಯಾಲಿನ ಭಾರ ತಗದ್ರ ಇವು ನಿಂದರೂದಿಲ್ಲ" ಎಂದರು.

ಪದರು ಪದರಾಗಿ ಬಿಡುವ ಇಲ್ಲಿಯ ಗ್ರಾನೈಟ್ ಬಂಡೆಯಿಂದಲೇ ಚಪ್ಪಡಿ ಎಬ್ಬಿಸಿ, ಆ ತಗ್ಗಿನಲ್ಲಿ ನೀರು ನಿಂತು ಕೆರೆಯಾಗಿದೆ. ಬಂಡೆಯ ಮೇಲಿನ ನಗಾರಿ ಕಲ್ಲನ್ನು ನಾನೂ ಬಡಿದು ನೋಡಿದೆ. ಕಲ್ಲಿನಿಂದ ಅಂಥ ನಾದ ಹೊರಡಬಹುದೆಂದು ಕೇಳದವರಿಗೆ ನಂಬಿಸುವುದು ಕಷ್ಟ.

2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ತಾಣವಿದು. ಆದರೂ ಇಲ್ಲಿ ನಾನು ಕಂಡ ಅಕ್ಷರಗಳೆಂದರೆ ಯಾರೋ ಪ್ರೇಮಿಗಳು ಬಣ್ಣದಲ್ಲಿ ಬರೆದ ತಮ್ಮ ಹೆಸರುಗಳು ಮಾತ್ರ. ಕಾಕಾ ಅದನ್ನು ನೋಡಿ ಬೈಯಲೂ ಇಲ್ಲ, ಮುಖ ತಿರುಗಿಸಿ ಮುಂದೆ ನಡೆದರು.

ಹಿಂದಿರುಗುವಾಗ ರೈಲಿನಲ್ಲಿ ಅವರಿಗೆ ಒಂದೇ ಚಿಂತೆ: ಮೇಲಿನ ಚಪ್ಪಡಿಯನ್ನು ಹೇಗೆ ಏರಿಸಿದರು? ಮಣ್ಣಿನ ಇಳಿಜಾರು ಮಾಡಿ ಎಳೆದಿರಬೇಕೆಂದು ನಾನೆಂದೆ. ಹಗ್ಗಕ್ಕೆ ಎಷ್ಟು ಆಳು, ಹಾರೆಗೆ ಎಷ್ಟು ಆಳು ಎಂದು ಬೆರಳು ಮಡಚುತ್ತ ಲೆಕ್ಕ ಹಾಕತೊಡಗಿದವರು ಹರ್ಲಾಪುರ ದಾಟಿದರೂ ನಿಲ್ಲಿಸಿರಲಿಲ್ಲ.